ಶನಿವಾರದ ಎಣ್ಣೆ ಇಂಜೆಕ್ಷನ್

ನಮ್ಮ ಭಾವನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಮೊಡವೆ ಬಂದವು! ನಗಬೇಡಿ. ನಗುವ ಕೆಲಸವನ್ನೆಲ್ಲ ನಾನೇ ಆಗ ಮಾಡಿ ಮುಗಿಸಿದ್ದೇನೆ. ಆ ನಾಚಿಕೆ ಹೊತ್ತೇ ಇದನ್ನು ಬರೆಯುತ್ತಿರುವುದು.

ಎಂಬತ್ತರ ದಶಕದ ಮಾತು. ಭಾವ ಬಿನ್ನಿಪೇಟೆಯಲ್ಲಿ ಗುಮಾಸ್ತರು, ಮನೆ ರಾಜಾಜಿನಗರ. ನಾನು ವಿಜಯನಗರದ ಒಂದು ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿದ್ದೆ. ಮೆದುಳಿನ ಬುಡದ ಗ್ರಂಥಿಗೆ ಆಪರೇಷನ್ ಆದ ಮೇಲೆ ಭಾವನ ಮೈಯಲ್ಲಿ ಗಂಡಸಿನ ಹಾರ್ಮೋನು ಹುಟ್ಟುವುದೇ ನಿಂತುಹೋಗಿತ್ತು. ಎರಡು ವರ್ಷ ಗೋಡೆ ಹಿಡಿದು ನಡೆದರು. ಕೊನೆಗೆ ಡಾಕ್ಟರು ಮೂರು ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬರೆದುಕೊಟ್ಟರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಚುಚ್ಚುವವನು ನಾನೇ.

ಮೊದಲ ಸಲ ಔಷಧಿ ಸಿರಿಂಜಿಗೆ ನಿಧಾನವಾಗಿ ಏರುವುದನ್ನು ಕಂಡು ಭಾವ ಕೇಳಿದರು, “ಏನೋ ಇದು, ಇಷ್ಟು ಮಂದ?”

“ಎಣ್ಣೇಲಿ ಕಲಸಿರ್ತಾರೆ ಭಾವ.”

“ಎಣ್ಣೇನಾ? ಹಾಗಾದ್ರೆ ಶನಿವಾರಾನೇ ಸರಿ!”

ಅವರ ಮನೆಯಲ್ಲಿ ಗಂಡಸರ ಎಣ್ಣೆಸ್ನಾನ ಶನಿವಾರ. ಹೊರಗೆ ಹರಳೆಣ್ಣೆ, ಒಳಗೆ ಈ ಎಣ್ಣೆ! ಆದರೆ ಶನಿವಾರ ವಾರಕ್ಕೊಮ್ಮೆ ಬರುತ್ತದಲ್ಲ? ಮುಂದಿನ ಶನಿವಾರವೇ ತಲೆಯಲ್ಲಿ ಸೀಗೆಕಾಯಿ ಘಮ ಹೊತ್ತು ಭಾವ ಹಾಜರು.

“ಯಾರಾದ್ರೂ ಮೂರು ವಾರಕ್ಕೊಂದ್ಸಲ ಎಣ್ಣೆಸ್ನಾನ ಮಾಡ್ತಾರೇನೋ?”

ನಾನು ನಕ್ಕು ಚುಚ್ಚಿದೆ. ಅಲ್ಲಿಂದ ಪ್ರತಿ ಶನಿವಾರ ಚುಚ್ಚಿದೆ. ಚೀಟಿಯಲ್ಲಿ ಏನಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ತಿಂಗಳಲ್ಲಿ ಭಾವ ಬೇರೆ ಮನುಷ್ಯರಾದರು. ಮುಖದ ಮೇಲೆ ಆ ಮೊಡವೆ, ತೋಳಲ್ಲಿ ಹೊಸ ಬಲ. ಕುರುಬರಹಳ್ಳಿಯ ಹತ್ತಿರ ಒಂದು ದಿನ ಅವರ ಬಸ್ಸು ಕೆಟ್ಟು ನಿಂತಿತು. ಜನ ಇಳಿದು ತಳ್ಳಲು ಹೋದರೆ ಭಾವ, “ಎಲ್ಲಾ ಸರೀರಿ ಆಚೆ!” ಎಂದು ಒಬ್ಬರೇ ಹೆಗಲು ಕೊಟ್ಟರು. ಇಳಿಜಾರಿತ್ತು, ಬಸ್ಸು ಹೊರಟಿತು. ಸರಿದು ನಿಂತಿದ್ದವರೆಲ್ಲ ಓಡಿ ಹತ್ತಿಕೊಂಡರು. ಭಾವ ರಸ್ತೆಯಲ್ಲಿ, ಅವರ ಊಟದ ಡಬ್ಬಿ ಬಸ್ಸಿನಲ್ಲಿ!

ಇನ್ನೊಮ್ಮೆ ಬದನೆಕಾಯಿಯ ತೂಕಕ್ಕೆ ಜಗಳವಾಗಿ, ತರಕಾರಿ ಗಾಡಿಯನ್ನೇ ತಳ್ಳಿಕೊಂಡು ಮನೆಗೆ ಬಂದರು. ಹಿಂದೆ ಓಡಿ ಬಂದ ಗಾಡಿಯವನನ್ನು ಅಕ್ಕ ಕೂರಿಸಿ, ಕಾಫಿ ಕೊಟ್ಟು, ಕ್ಷಮೆ ಕೇಳಿದಳು. ನಾನು ಇದನ್ನೆಲ್ಲ ಕೌಂಟರಿನಲ್ಲಿ ಅಭಿನಯ ಸಮೇತ ಹೇಳಿ ಗಿರಾಕಿಗಳನ್ನು ನಗಿಸುತ್ತಿದ್ದೆ. ಸ್ವಂತ ಭಾವನನ್ನೇ ನಗೆಪಾಟಲು ಮಾಡಿ!

ಒಂದು ದಿನ ಅಕ್ಕ ಅಂಗಡಿಗೇ ಬಂದಳು.

“ಇವ್ರ ಮುಖ ಕುಂಕುಮದ ಹಾಗಾಗಿದೆ ಕಣೋ. ಕಾಲು ಊದಿ ಚಪ್ಪಲಿ ಹಿಡೀತಿಲ್ಲ. ಗೊರಕೆ ಮಧ್ಯೆ ಉಸಿರೇ ನಿಂತಂಗಾಗುತ್ತೆ. ಆ ಇಂಜೆಕ್ಷನ್ ಜಾಸ್ತಿ ಆಗ್ತಿಲ್ಲ ತಾನೇ?”

“ಭಾವ ಬೆಳೀತಾ ಇದಾರೆ ಅಕ್ಕ. ಹೊಸ ಚಪ್ಪಲಿ ಕೊಡ್ಸು!”

ಆ ಮಾತು ನೆನೆದರೆ ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಅದೇ ಶನಿವಾರ, ನಾನು ಸಿರಿಂಜು ತುಂಬುತ್ತಿರುವಾಗ, ಭಾವ ಎದೆ ಹಿಡಿದುಕೊಂಡು ಸ್ಟೂಲಿನಿಂದ ಜಾರಿದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಅಕ್ಕನೂ ಓಡಿ ಬಂದಳು.

“ರಕ್ತ ಗಂಜಿ ಥರ ಮಂದ ಆಗಿದೆ,” ಎಂದರು ಡಾಕ್ಟರು. “ಕಾಲಲ್ಲಿ ಹೆಪ್ಪುಗಟ್ಟಿದ್ದು ಶ್ವಾಸಕೋಶಕ್ಕೆ ಹೋಗಿದೆ. ಹಾರ್ಮೋನು ಮಿತಿಮೀರಿದ್ರೆ ಹೀಗೇ. ಬರೆದಿದ್ದಕ್ಕಿಂತ ಜಾಸ್ತಿ ಯಾರ್ರೀ ಕೊಟ್ಟಿದ್ದು?”

 ಭಾವ ಮುಖದ ಆಕ್ಸಿಜನ್ ಮಾಸ್ಕ್ ಸರಿಸಿದರು.

“ಮಾರ್ಕೆಟ್ ಹತ್ರ ಯಾರೋ ಕೊಟ್ರು ಡಾಕ್ಟ್ರೇ. ನಮ್ಮ ಭಾಮೈದ ಬೇಡಾಂತ ಬಡ್ಕೊಂಡ. ನಾನೇ ಕೇಳ್ಲಿಲ್ಲ.”

ಅಕ್ಕ ಹೆಮ್ಮೆಯಿಂದ ನನ್ನ ತಲೆ ಸವರಿದಳು. ನಾನು ತಲೆ ಸವರಿಸಿಕೊಂಡೆ!

ಅವರು ಚೇತರಿಸಿಕೊಂಡ ಮೇಲೆ, ಅಕ್ಕ ಕಾಫಿ ತರಲು ಹೋದಾಗ ಕೇಳಿದೆ, “ಯಾಕೆ ಭಾವ ಸುಳ್ಳು ಹೇಳಿದ್ರಿ?”

“ಎರಡು ವರ್ಷ ನಿಮ್ಮಕ್ಕ ಬೀದಿ ನಲ್ಲಿಯಿಂದ ಕೊಡ ಹೊತ್ತು ತರ್ತಿದ್ಲು. ನಾನು ಮೆಟ್ಟಿಲ ಮೇಲೆ ಕೂತು ನೋಡ್ತಿದ್ದೆ. ಅವಳ ಕೈಯಿಂದ ಆ ಕೊಡ ಇಸ್ಕೋಬೇಕು ಅಂತಾನೇ ಅಷ್ಟೆಲ್ಲ ಚುಚ್ಚಿಸ್ಕೊಂಡಿದ್ದು. ಅವಳ ಮುಂದೆ ತಲೆ ತಗ್ಗಿಸೋದು ಏನೂಂತ ನನಗೆ ಗೊತ್ತು ಕಣೋ. ನಿನಗ್ಯಾಕೆ ಅದು?”

ಎಷ್ಟೋ ತಿಂಗಳ ಮೇಲೆ ಭಾವ ಮತ್ತೆ ಅಂಗಡಿಗೆ ಬಂದರು. ಹೊಸ ಚೀಟಿಯಲ್ಲಿ ಡೋಸು ಕಡಿಮೆಯಾಗಿತ್ತು. ಅಪರಿಚಿತ ಗಿರಾಕಿಯ ಹಾಗೆ ಅದನ್ನು ಮುಂದೆ ಹಿಡಿದು, “ಚೀಟಿ ನೋಡಿ ಕೊಡಪ್ಪಾ,” ಎಂದರು. ನನ್ನಿಂದ ತಲೆಯೆತ್ತಲು ಆಗಲಿಲ್ಲ.

ಭಾವ ಆ ಸುಳ್ಳನ್ನು ಕೊನೆಯವರೆಗೂ ಕಾಪಾಡಿದರು. ಅಕ್ಕ, ನೀನು ಇದನ್ನು ಓದುತ್ತೀಯ, ನನಗೆ ಗೊತ್ತು. ಮಾರ್ಕೆಟ್ ಹತ್ತಿರ ಯಾರೂ ಇರಲಿಲ್ಲ ಕಣೇ. ಕೊಟ್ಟವನು ನಾನೇ.