ಟವಲ್ಲಿನ ಕೆಳಗಿನ ಒಪ್ಪಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ತಾಲ್ಲೂಕು ಜಾಲಾಡಿದರೂ ಗುಟ್ಟು ಕಾಯುವುದರಲ್ಲಿ ನನ್ನಂಥ ಗಂಡು ಸಿಗಲಾರ. ಆದರೇನು, ಕೊಬ್ಬರಿ ಸಂಘದ ಕಾರ್ಯದರ್ಶಿ ಕುರ್ಚಿಯಲ್ಲಿ ಕೂತವನಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಮಾರಾಟಕ್ಕೆ ಹೋಗುವ ಪ್ರತಿ ಕೊಬ್ಬರಿ ಲಾಟಿನ ಫಾರಂ ಈಗ ಕಂಪ್ಯೂಟರಿನಲ್ಲಿ. ಒಂದೇ ಫಾರಂ, ಮೂರು ಜನರ ಒಪ್ಪಿಗೆ: ಗೋಡೌನಿನವನದು, ಗ್ರೇಡ್ ನೋಡುವವನದು, ಅಧ್ಯಕ್ಷರದು. ಅವರವರದ್ದನ್ನು ಅವರವರೇ ಒತ್ತಬೇಕು. "ಒಬ್ಬರ ಒಪ್ಪಿಗೆಯ ಗುಟ್ಟು ಇನ್ನೊಬ್ಬರ ಹತ್ತಿರ ಸಿಕ್ಕರೆ ನಿಮ್ಮನ್ನ ಮನೆಗೆ ಕಳಿಸ್ತೀನಿ" ಎಂದು ಆಡಿಟರ್ ನನಗೇ ಹೇಳಿ ಹೋಗಿದ್ದರು.

೧. ಹೆಬ್ಬೆಟ್ಟು

ಗೋಡೌನಿನವನು ಹೊನ್ನವಳ್ಳಿಯವನು. ಕಾಯಿ ಸುಲಿದು ಸುಲಿದು ಅವನ ಹೆಬ್ಬೆಟ್ಟಿನ ಗೆರೆ ಸವೆದು ಗೋಲಿಯಂತೆ ನುಣ್ಣಗಾಗಿದೆ. ಬೆರಳು ಓದುವ ಯಂತ್ರ ಅವನನ್ನು ಮನುಷ್ಯ ಎಂದೇ ಒಪ್ಪಲಿಲ್ಲ. ಸೋಪು ಹಚ್ಚಿಸಿದೆ, ಬೂದಿ ಉಜ್ಜಿಸಿದೆ, ಊಹೂಂ. ಮಾರನೇ ದಿನ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ.

"ಇವಳ ಬೆರಳು ತಗಳಿ ಸಾ, ಗೆರೆ ಚೆನ್ನಾಗವೆ."

"ಒಪ್ಪಿಗೆ ನಿಂದು ಬೇಕು ಕಣಪ್ಪ!"

"ಮನೇಲಿ ಎಲ್ಲದಕ್ಕೂ ಇವಳ್ದೇ ಒಪ್ಪಿಗೆ. ಇದೊಂದಕ್ಕೆ ನಂದ್ಯಾಕೆ ಸಾ?"

೨. ಸೀಮೆಸುಣ್ಣ

ಸರಿ, ಬೆರಳು ಬೇಡ, ನಾಲ್ಕಂಕಿಯ ಗುಟ್ಟಿನ ನಂಬರು ಇಟ್ಟುಕೊಳ್ಳಿ, ಹೆತ್ತತಾಯಿಗೂ ಹೇಳಬೇಡಿ ಎಂದೆ. ಗ್ರೇಡ್ ನೋಡುವವನು ಯಾರಿಗೂ ಹೇಳಲಿಲ್ಲ. ಗೋಡೌನಿನ ಬಾಗಿಲ ಮೇಲೆ ಸೋರೆಕಾಯಿ ಗಾತ್ರಕ್ಕೆ ಬರೆದ. ನನ್ನ ಕೂಗು ಮಾಯಸಂದ್ರಕ್ಕೂ ಕೇಳಿಸಿರಬೇಕು: "ಅಳಿಸು ಕಣ್ಲಾ! ನಂಬರು ಬದಲಾಯಿಸು ಕಣ್ಲಾ!"

ಪಾಪ, ಎರಡೂ ಮಾಡಿದ. ಬೆಳಿಗ್ಗೆ ಬಾಗಿಲ ಮೇಲೆ ಹೀಗಿತ್ತು: "ಹಳೇ ನಂಬರು ರದ್ದಾಗಿದೆ. ಹೊಸದು ತಕ್ಕಡಿ ಹಿಂದೆ ಇದೆ."

೩. ಟವಲ್ಲು

ಅಧ್ಯಕ್ಷರು ಹಳೇ ಕೊಬ್ಬರಿ ವ್ಯಾಪಾರಸ್ಥರು. ಅವರ ಕಾಲದಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವಲ್ಲಿನ ಕೆಳಗೆ ಕೈ ಸೇರಿಸಿ, ಎಷ್ಟು ಬೆರಳು ಹಿಡಿದರೆ ಅಷ್ಟು. ತಮ್ಮ ನಂಬರು ಮರೆತೀತೆಂದು ನನ್ನ ಕೈಗೂ ಹಾಗೇ ಹೇಳಿಟ್ಟಿದ್ದರು. ಮರೆತಾಗೆಲ್ಲ ನಾನು ಟವಲ್ಲಿನ ಕೆಳಗೆ ವಾಪಸ್ ಹೇಳಬೇಕು.

"ಇದು ತಪ್ಪಲ್ವಾ ಯಜಮಾನ್ರೇ?"

"ನಾನೇನ್ ಬಾಯಿ ಬಿಟ್ಟಿದೀನೇನ್ಲಾ?"

ಆಡಿಟರ್ ಬಂದೇಬಿಟ್ಟರು. ನಮ್ಮಿಬ್ಬರ ನಡುವೆ ಕುರ್ಚಿ ಎಳೆದುಕೊಂಡು, "ಅಧ್ಯಕ್ಷರೇ, ನನ್ನೆದುರೇ ಒತ್ತಿ" ಎಂದರು. ಅಧ್ಯಕ್ಷರು ಕೀಲಿಮಣೆಯ ಮೇಲೆ ಟವಲ್ಲು ಹರಡಿ, "ಗುಟ್ಟು ಸ್ವಾಮಿ" ಎಂದರು. ಅವರ ಒಂದು ಕೈ ಕೀಲಿಯ ಮೇಲೆ. ಇನ್ನೊಂದು ಟವಲ್ಲಿನೊಳಗೇ ನನ್ನನ್ನು ಹುಡುಕುತ್ತ ಹೊರಟಿತು. ನಾನು ಹೆದರಿ ಕೈಕಟ್ಟಿ ಕೂತಿದ್ದೆ. ಅದಕ್ಕೊಂದು ಕೈ ಸಿಕ್ಕಿತು.

"ಒಂದು... ಐದು..." ಅಧ್ಯಕ್ಷರು ಒತ್ತಿ, ಕಾದು, ನನ್ನ ಮೇಲೆ ರೇಗಿದರು. "ಲೇ, ಎರಡೇ ಕೊಟ್ಯಲ್ಲ, ಇನ್ನೆರಡು ಕೊಡು ಕಣ್ಲಾ!"

ನಾನು ಎರಡೂ ಕೈ ಮೇಲೆತ್ತಿ ತೋರಿಸಿದೆ.

"ಅದು ನನ್ನ ಕೈ," ಎಂದರು ಆಡಿಟರ್. "ನಮ್ಮದೂ ಕೊಬ್ಬರಿ ಮಂಡಿ ಮನೆ, ಬೆರಳಿನ ಮಾತು ಬರುತ್ತೆ. ಹದಿನೈದು ಅಂದೆ. ಅಷ್ಟು ದಿನ ನಿಮ್ಮ ಕಾರ್ಯದರ್ಶಿ ಮನೇಲಿರಲಿ."

ಅಧ್ಯಕ್ಷರು ಹಿಡಿದ ಕೈ ಬಿಡಲಿಲ್ಲ. ಟವಲ್ಲು ಅಲ್ಲಾಡಿತು. ಆಡಿಟರ್ ಆಗಲ್ಲ ಎಂದು ತಲೆಯಾಡಿಸಿದರು. ಮತ್ತೆ ಅಲ್ಲಾಡಿತು. ಕೊನೆಗೆ ಅಧ್ಯಕ್ಷರು ಟವಲ್ಲು ಕೊಡವಿ ಹೆಗಲಿಗೇರಿಸಿ, "ಐದಕ್ಕೆ ಇಳಿಸಿದೀನಿ ಕಣ್ಲಾ, ಹೊರಡು" ಎಂದರು.

ಹೊರಟೆ. ಆದರೂ ಎದೆಯುಬ್ಬಿಸಿಕೊಂಡೇ ಹೊರಟೆ. ನಮ್ಮ ಸಂಘದಲ್ಲಿ ಅವರವರ ಒಪ್ಪಿಗೆಯನ್ನು ಅವರವರ ಕೈಯಿಂದಲೇ ಒತ್ತಿದ ಕೆಲಸ ಅಂತ ಆಗಿದ್ದರೆ, ಟವಲ್ಲಿನ ಕೆಳಗೆ ಕುದುರಿದ ಆ ಐದು ದಿನದ್ದೊಂದೇ.