ಅತ್ತೆಯ ಮೂರನೇ ಗದ್ದ

ಲೇಡಿ ಡೊರತಿಯಾ ವೆಲ್ಬಿ ಬರೆದ ಚಿತ್ರ ತೀರಾ ಚೆನ್ನಾಗಿ ಬಂದಿತ್ತು. ಎಡವಟ್ಟಾದದ್ದು ಅದರಿಂದಲೇ.

ಹೋದ ಚಳಿಗಾಲ ಸಿಡುಬಿಗೆ ಬಲಿಯಾದ ಮಗಳು ಹ್ಯಾಟಿಯ ಮುಖವನ್ನು ಒಂದೂ ಕಲೆಯಿಲ್ಲದಂತೆ ನೆನಪಿನಿಂದಲೇ ಬರೆದು, ಲಂಡನ್ನಿನ ಪ್ರದರ್ಶನಕ್ಕೆ ಕಳಿಸಿದ್ದಳು. ಕೆಳಗೆ ಮಗಳ ಹೆಸರು, ಪಕ್ಕದಲ್ಲಿ ತನ್ನದು. ತಾಯಿ ಮಗಳು ಜೊತೆಗಿರಲು ಲೋಕದಲ್ಲಿ ಉಳಿದಿದ್ದ ಜಾಗ ಅದೊಂದೇ. ಆದರೆ ಇಷ್ಟು ಪಳಗಿದ ಕೈ ಹೆಂಗಸಿನದಲ್ಲ, ಅವಳಿಗೆ ಕಲಿಸಿದ ಮೇಷ್ಟ್ರು ಟ್ರಸ್ಕಟ್‌ನದೇ ಎಂದು ಸಮಿತಿಯವರು ಪಟ್ಟು ಹಿಡಿದರು. ಅಲ್ಲವೆನ್ನಲು ಟ್ರಸ್ಕಟ್ ಬದುಕಿರಲಿಲ್ಲ. ಕಡೆಗೆ ಪರೀಕ್ಷೆಗೆಂದು ಸಮಿತಿಯ ಗ್ರಿಂಡಲ್ ಎಂಬಾತ ಬೆಳಿಗ್ಗೆಯೇ ಬಂದಿಳಿದ. ಸಂಜೆಯೊಳಗೆ ಅವನೆದುರು ಒಂದು ಮುಖ ಬರೆಯಬೇಕು.

"ನನ್ನದೇ ಬರೀಲಿ" ಎಂದು ಅತ್ತೆ ಕುರ್ಚಿ ತುಂಬ ಕೂತರು. ಮುಖಕ್ಕೆ ಗೋಡೆಗೆ ಬಳಿದಷ್ಟು ಬಿಳುಪು, ಹಳೇ ಸಿಡುಬಿನ ಕುಳಿಗಳ ಮೇಲೆ ಕಪ್ಪು ರೇಷ್ಮೆಯ ಬೊಟ್ಟುಗಳು.

ಮಧ್ಯಾಹ್ನದ ಹೊತ್ತಿಗೆ ಮುದುಕಿಯ ಕಣ್ಣು, ಕೊಂಕು ಬಾಯಿ, ಮೂರು ಗದ್ದ ಎಲ್ಲವೂ ಇದ್ದ ಹಾಗೇ ಮೂಡಿದ್ದವು. ಗ್ರಿಂಡಲ್ ಹತ್ತಿರ ಬಂದು "ಆಹಾ!" ಎಂದ. ಡೊರತಿಯಾಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅತ್ತೆ ಎದ್ದು ಬಂದರು.

"ಇದ್ಯಾರೇ ಈ ಮುದುಕಿ?"

"ನೀವೇ, ಅತ್ತೆ."

"ನಂಗೆ ಮೂರು ಗದ್ದ ಇದ್ಯೇನೇ? ಆಂಬ್ರೋಸ್! ನೋಡೋ, ನಿನ್ನ ಹೆಂಡ್ತಿ ನನ್ನ ಮಾನ ಕಳೀತಿದಾಳೆ!"

ಲಾರ್ಡ್ ಆಂಬ್ರೋಸ್ ಬಂದ. ದೊಡ್ಡ ಮನೆತನದ ಹೆಂಗಸಿನ ಹೆಸರು ಪ್ರದರ್ಶನದ ಪಟ್ಟಿಯಲ್ಲಿ ಅಚ್ಚಾಗಬೇಕಾದರೆ ಗಂಡನ ರುಜು ಬೇಕು. "ಅಮ್ಮ ಹೇಳ್ದಂಗೆ ತಿದ್ದು. ಇಲ್ದಿದ್ರೆ ನಾನು ರುಜು ಹಾಕಲ್ಲ."

ಒಂದು ಗದ್ದ ಹೋಯಿತು. ಇನ್ನೊಂದೂ ಹೋಯಿತು. ಕತ್ತು ಬಾತುಕೋಳಿಯಂತೆ ಉದ್ದವಾಯಿತು. ಊಟಕ್ಕೆ ಬಂದ ಪಾದ್ರಿ ಭಕ್ತಿ ಸಾಲದೆಂದದ್ದಕ್ಕೆ ಕಣ್ಣುಗಳು ಚಾವಣಿ ನೋಡಿದವು. ತನ್ನಪ್ಪನ ಮೂಗು ಬೇಕೆಂದ ಆಂಬ್ರೋಸ್. "ಇನ್ನಷ್ಟು ಬಿಳೀ ಹಚ್ಚೇ" ಎಂದು ಅತ್ತೆ ಅಂದಾಗಲೆಲ್ಲ ಅವರ ಕೆನ್ನೆಯ ಬಿಳುಪು ಉದುರುತ್ತಿತ್ತು. ಸಂಜೆಗೆ ಚಿತ್ರವೆಂದರೆ ಸುಲಿದ ಮೊಟ್ಟೆಗೆ ಕೂದಲಿನ ಟೋಪನ್ ಹಾಕಿದಂತಿತ್ತು.

"ಈಗ ಥೇಟ್ ನಾನೇ!" ಎಂದರು ಅತ್ತೆ. ಆಂಬ್ರೋಸ್ ರುಜು ಹಾಕಿದ.

ಗ್ರಿಂಡಲ್ ಕನ್ನಡಕ ಒರೆಸಿಕೊಂಡ. "ಇದು ಹೆಂಗಸಿನ ಕೈಯೇ, ಅನುಮಾನ ಇಲ್ಲ. ಅಂದ್ಮೇಲೆ ಆ ಹುಡುಗಿ ಚಿತ್ರ ಟ್ರಸ್ಕಟ್‌ದೇ."

"ಮಧ್ಯಾಹ್ನ ನೀವೇ ನೋಡಿದ್ರಲ್ಲ!" ಎಂದಳು ಡೊರತಿಯಾ.

"ನೋಡ್ದೆ, ಅಮ್ಮಾವ್ರೇ. ಏನೋ ಅದೃಷ್ಟಕ್ಕೆ ಬಂದಿತ್ತು. ನಿಜವಾಗಿ ಕೈ ಪಳಗಿದವರು ಅಂಥದ್ದನ್ನ ಅಳಿಸ್ತಾರಾ?"

ಆಂಬ್ರೋಸ್ ನಡುವೆ ಬಾಯಿ ಹಾಕಿದ. "ಡ್ರಾಯಿಂಗ್ ಮೇಷ್ಟ್ರ ಹೆಸರಿನ ಪಕ್ಕ ನಮ್ಮ ಮಗೂ ಹೆಸರು ಬೇಡ, ಜನ ಆಡ್ಕೋತಾರೆ. 'ಯಾರೋ ಹುಡುಗಿ' ಅಂತ ಹಾಕಿ. ಅಮ್ಮನ ಚಿತ್ರಕ್ಕೆ ಮಾತ್ರ ಇವಳ ಪೂರ್ತಿ ಹೆಸರು ಇರ್ಲಿ."

ಡೊರತಿಯಾ ಕುಂಚ ಹಿಡಿದೇ ನೆಲಕ್ಕೆ ಕುಸಿದು ಅತ್ತಳು. ಹ್ಯಾಟಿ ಎರಡನೇ ಸಲ ಸತ್ತಿದ್ದಳು.

"ಹೆಸರು ಹೆಸರು ಅಂತ ಊಟ ಬಿಟ್ಟಿದ್ದೆ, ಬಂತಲ್ಲ ಈಗ?" ಎಂದರು ಅತ್ತೆ. "ಅಳೋದು ನಿಲ್ಸು. ಆ ಎಡಗೆನ್ನೆ ಬೊಟ್ಟು ಸ್ವಲ್ಪ ಸೊಟ್ಟಗಿದೆ, ಸರಿ ಮಾಡು."