ಸಹಿಸಿಕೊಂಡವರ ಪಟ್ಟಿ

ಎಲ್ಲ ರಗಳೆಗೂ ಮೂಲ ಒಂದೇ ಒಂದು ಸಾಲು: 'ಸಹಿಸಿಕೊಂಡ ನೆರೆಹೊರೆಯವರಿಗೆ ಕೃತಜ್ಞತೆ.'

ಎರಡು ವರ್ಷ ಮಲಗುವ ಕೋಣೆಯಲ್ಲಿ ಗಿಟಾರು ಬಾರಿಸಿ, ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ ಹಾಡಿ ರೆಕಾರ್ಡ್ ಮಾಡಿ, ಅವನು ಎಂಟು ಹಾಡುಗಳ ಆಲ್ಟರ್ನೇಟಿವ್ ರಾಕ್ ಆಲ್ಬಮ್ ಮುಗಿಸಿದ್ದ. ಅವತ್ತು ಸಂಜೆ ಐದರೊಳಗೆ ಕವರು ಅಚ್ಚಾಗಬೇಕು. ಆರಕ್ಕೆ ರೇಡಿಯೋದಲ್ಲಿ ಒಂದು ಹಾಡು ಹಾಕುತ್ತಾರೆ. ಕವರಿನ ಮುಂದೆ ಬೀರುವಿನ ಚಿತ್ರ. ಹಿಂದೆ ಅವನ ಹೆಸರು ಮತ್ತು ಆ ಸಾಲು.

ಅವನ ಹೆಸರು ಅದುವರೆಗೆ ಅಚ್ಚಾಗಿದ್ದು ಆಫೀಸಿನ 'ತಡವಾಗಿ ಬಂದವರು' ಪಟ್ಟಿಯಲ್ಲಿ ಮಾತ್ರ. "ಒಂದ್ಸಲ ಒಳ್ಳೇ ಕಡೆ ನಿನ್ನ ಹೆಸರು ನೋಡ್ಬೇಕು ಕಣೋ" ಎನ್ನುತ್ತಿದ್ದ ಅಮ್ಮ, ಖುಷಿ ತಡೆಯಲಾರದೆ ಮೆಟ್ಟಿಲ ಮೇಲೆ ನಿಂತು ಆ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟಳು.

ಮಹಡಿಯಿಂದ ನಿವೃತ್ತ ಹೆಡ್‌ಮಾಸ್ಟರು ಇಳಿದು ಬಂದರು. "ನೆರೆಹೊರೆ ಅಂದ್ರೆ ಯಾರಯ್ಯಾ? ಸದ್ದು ತಡೆಯೋಕೆ ನಿನ್ನ ಗೋಡೆಗೆ ಒರಗಿಸಿರೋ ಹಾಸಿಗೆ ಯಾರದು? ಎರಡು ವರ್ಷದಿಂದ ಚಾಪೆ ಮೇಲೆ ಮಲಗ್ತಿದೀನಿ, ನನ್ನ ಸೊಂಟಾನ ಕೇಳು! ಹೆಸರು ಹಾಕು. ಮುಂದೆ ಎಂ.ಎ., ಬಿ.ಎಡ್. ಅಂತಿರ್ಲಿ. ಫೋನ್ ನಂಬರೂ ಇರ್ಲಿ."

ಹೌದಲ್ಲ ಎನಿಸಿ ಅವನ ಕಣ್ಣು ತುಂಬಿತು. ಬರೆದುಕೊಂಡ.

ಕೆಳಗಿನ ಟೈಲರಣ್ಣ ಸೂಜಿ ಕಚ್ಚಿಕೊಂಡೇ ಬಂದ. "ನೀನು ಬಾಯಿ ತೆಗೆದಾಗೆಲ್ಲ ಮಿಷನ್ ನಿಲ್ಲಿಸ್ದೆ. ಅರ್ಧ ಊರಿನ ಪ್ಯಾಂಟು ನಿನ್ನಿಂದ ಲೇಟು!"

"ನಮ್ಮ ನಾಯಿ ಬೊಗಳಬಾರ್ದು ಅಂತ ನೀನು ಹಾಡಿದಾಗೆಲ್ಲ ವಾಕಿಂಗ್ ಕರ್ಕೊಂಡು ಹೋದೆ," ಎಂದರು ಎದುರುಮನೆ ಆಂಟಿ. "ಪಾಪ, ಕಡ್ಡಿ ಆಗಿದೆ. ಅದರ ಹೆಸರೂ ಹಾಕಪ್ಪ, ನನ್ನದಕ್ಕಿಂತ ಮೊದ್ಲು."

ಪಟ್ಟಿ ಹನುಮಂತನ ಬಾಲವಾಯಿತು. ಯಾರನ್ನೂ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಇವರಲ್ಲಿ ಒಬ್ಬರು ಒಂದು ದಿನ ಬಾಗಿಲು ಬಡಿದು ಬೈದಿದ್ದರೂ ಸಾಕಿತ್ತು, ಹಾಡುಗಳೆಲ್ಲ ಬೀರುವಿನಲ್ಲೇ ಉಳಿಯುತ್ತಿದ್ದವು.

ಐದಕ್ಕೆ ಹತ್ತು ನಿಮಿಷವಿದ್ದಾಗ ಏದುಸಿರು ಬಿಡುತ್ತಾ ಪ್ರೆಸ್ಸಿಗೆ ನುಗ್ಗಿದ. ಪ್ರೆಸ್ಸಿನವರು ಅಕ್ಷರಗಳನ್ನು ಸಾಸಿವೆಯಷ್ಟು ಕುಗ್ಗಿಸಿ ನೋಡಿದರು. "ಊಹೂಂ, ಎರಡು ಸಾಲು ಹೋಗ್ಲೇಬೇಕು ಸಾರ್."

"ಯಾವುದು ಹೋದ್ರೆ ಯಾರೂ ಜಗಳಕ್ಕೆ ಬರಲ್ವೋ ಅದನ್ನ ತೆಗೀರಿ, ಬೇಗ!"

ಬಿಸಿ ಆರದ ಕವರಿಗೆ ಸಿ.ಡಿ. ತೂರಿಸಿ, ಪಕ್ಕದ ರೇಡಿಯೋ ಕೇಂದ್ರದಲ್ಲಿ ಕೊಟ್ಟು, ಉಳಿದ ಕಟ್ಟು ಹಿಡಿದು ಮನೆಗೆ ಓಡಿದ.

ಆರಕ್ಕೆ ಎಲ್ಲರೂ ಟೈಲರಣ್ಣನ ಅಂಗಡಿಯಲ್ಲಿ ರೇಡಿಯೋ ಸುತ್ತ ಕೂತರು. ಹಾಡು ಮುಗಿಯಿತು. ಆಂಟಿ ಕಣ್ಣೊರೆಸಿಕೊಂಡರು, ಟೈಲರಣ್ಣ ಅಳತೆಯ ಟೇಪನ್ನೇ ಅವನ ಕೊರಳಿಗೆ ಹಾರ ಹಾಕಿದ.

"ಅಬ್ಬಾ, ಎಂಥ ಬಂಡಾಯದ ಕಂಠ!" ಎಂದಳು ರೇಡಿಯೋದವಳು. "ಹಾಡಿದವರು ಯಾರಪ್ಪಾ ಅಂದ್ರೆ..." ಕಾಗದ ಸರಸರ ಎಂದಿತು. ಅಮ್ಮ ಅವನ ಕೈ ಹಿಡಿದುಕೊಂಡಳು. ರೇಡಿಯೋದವಳು ಕವರಿನ ಮೇಲಿನ ಮೊದಲ ಹೆಸರು ಓದಿದಳು. ಹೆಡ್‌ಮಾಸ್ಟರದ್ದು. "ಎಂ.ಎ., ಬಿ.ಎಡ್.! ಫೋನ್ ನಂಬರೂ ಇದೆ, ಮಾತಾಡಿಸೇಬಿಡೋಣ!"

ಅವನು ಗಾಬರಿಯಿಂದ ಕಟ್ಟು ಬಿಚ್ಚಿದ. ಅವನ ಹೆಸರೂ ಇಲ್ಲ, ಕೃತಜ್ಞತೆಯ ಸಾಲೂ ಇಲ್ಲ. ಜಗಳಕ್ಕೆ ಬಾರದವನು ಯಾರೆಂದು ಪ್ರೆಸ್ಸಿನವರು ಸರಿಯಾಗಿಯೇ ಗುರುತಿಸಿದ್ದರು.

ಹೆಡ್‌ಮಾಸ್ಟರ ಫೋನು ಹೊಡೆದುಕೊಂಡಿತು. "ಅಯ್ಯೋ, ಹಾಡಿದ್ದು ನಾನಲ್ಲಮ್ಮಾ..." ಎಂದು ಶುರುಮಾಡಿದರು.

"ಈ ವಯಸ್ಸಲ್ಲೂ ಎಷ್ಟು ವಿನಯ ಸಾರ್! ಇಡೀ ಊರು ಕೇಳ್ತಿದೆ, ಎರಡು ಮಾತು!"

ಮೂವತ್ತು ವರ್ಷ ಭಾಷಣ ಮಾಡಿದ ಗಂಟಲು. ಇಡೀ ಊರು ಕೇಳುತ್ತಿದೆ ಎಂದಮೇಲೆ ಆ ಗಂಟಲು ಅವರ ಮಾತು ಕೇಳಲಿಲ್ಲ. ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಎರಡು ಮಾತು ಇಪ್ಪತ್ತು ನಿಮಿಷವಾಯಿತು.

"ಕೊನೆಯದಾಗಿ," ಎನ್ನುತ್ತಾ ಪಕ್ಕದಲ್ಲಿದ್ದ ಅವನ ಭುಜವನ್ನು ಪ್ರೀತಿಯಿಂದ ತಟ್ಟಿದರು, "ಸಹಿಸಿಕೊಂಡ ನೆರೆಹೊರೆಯವರಿಗೆ ಕೃತಜ್ಞತೆ."